ಪ್ರವಾಸಿಯ ಹೆಗಲು ಮತ್ತು ಕಿರುಗಣಕ

ವೈದ್ಯನಲ್ಲದವನೊಬ್ಬನು ಸ್ಮರಣ ಸಂಚಿಕೆಯ ಆರೋಗ್ಯದ ಪುಟಗಳಲ್ಲಿ ಬರೆಯಲು ಹೊರಟರೆ ಓದುಗರು ಹುಬ್ಬೇರಿಸುವುದು ಸಹಜವೇ. ಈ ಲೇಖಕನು ವಾಣಿಜ್ಯಶಾಸ್ತ್ರದ ಪದವೀಧರ, ವೃತ್ತಿಯಿಂದ ಬ್ಯಾಂಕಿನ ಅಧಿಕಾರಿ. ಜಮಾ-ಖರ್ಚಿನ ಆಚೆಗೆ ಅವನಿಗೆ ತಿಳಿದಿರುವುದು ಬಹಳವಿಲ್ಲ. ಆದರೆ ಹೆಗಲುನೋವು, ಕುತ್ತಿಗೆನೋವುಗಳನ್ನು ಕುರಿತು ನಮ್ಮ ಸಂಘದ ಸದಸ್ಯರು ಪರಸ್ಪರ ಹೇಳಿಕೊಳ್ಳುವ ಮಾತುಗಳನ್ನು ಕೇಳುತ್ತ ಬಂದಂತೆ, ಆ ನೋವಿನ ಒಂದು ಪಾಲಿಗೆ ಮೂಲವು ನಾವು ದಿನವೂ ಹೆಗಲಿಗೇರಿಸುವ ಚೀಲದಲ್ಲಿಯೇ ಇದೆಯೆಂದು ನನಗೆ ತೋರಿದೆ. ಚೀಲವನ್ನು ತೂಗುವುದಕ್ಕೆ ವೈದ್ಯನೇ ಆಗಬೇಕಿಲ್ಲ, ತಕ್ಕಡಿಯೊಂದಿದ್ದರೆ ಸಾಕು.

ಕೋಲ್ಕತಾದ ಕನ್ನಡಿಗರಲ್ಲಿ ಅನೇಕರನ್ನು ಈ ನಗರಕ್ಕೆ ಕರೆತಂದದ್ದು ಬ್ಯಾಂಕುಗಳ ವರ್ಗಾವಣೆಯ ಆದೇಶಪತ್ರಗಳು. ಆ ಬ್ಯಾಂಕುಗಳ ಪೈಕಿ ಕೆಲವು ಈಗ ಹೆಸರಿಗೂ ಉಳಿದಿಲ್ಲ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ, ವಿಜಯಾ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ, ಎಲ್ಲವೂ ಏಪ್ರಿಲ್ ಒಂದನೆಯ ತಾರೀಖಿನಂದೇ, ದೊಡ್ಡ ಬ್ಯಾಂಕುಗಳಲ್ಲಿ ಲೀನವಾದವು. ಬ್ಯಾಂಕುಗಳು ಹೋದರೂ ಪ್ರವಾಸವು ಹೋಗಲಿಲ್ಲ. ತಪಾಸಣೆಯ ವಿಭಾಗದಲ್ಲಿರುವ ನನ್ನಂತಹವನು ತಿಂಗಳಿನಲ್ಲಿ ಹತ್ತು ಹನ್ನೆರಡು ದಿನಗಳನ್ನು ಸಿಲಿಗುರಿ, ಮಾಲ್ಡಾ, ಆಸನ್‌ಸೋಲ್, ಗುವಾಹಾಟಿಗಳ ದಾರಿಯಲ್ಲಿ ಕಳೆಯಬೇಕಾಗುತ್ತದೆ. ವರ್ಷಕ್ಕೆರಡು ಬಾರಿ ಊರಿಗೆ ಹೋಗುವುದೆಂದರೆ ಹೌರಾದಿಂದ ಬೆಂಗಳೂರಿನವರೆಗೆ ಒಂದು ಹಗಲು, ಒಂದು ರಾತ್ರಿ, ಮತ್ತೂ ಕೆಲವು ಗಂಟೆಗಳ ರೈಲು. ಅಲ್ಲಿಂದ ಮುಂದೆ ಧಾರವಾಡ. ಬ್ಯಾಂಕಿನ ಕಡತಗಳನ್ನು ಬ್ಯಾಂಕಿನ ಗಣಕದಲ್ಲಿಯೇ ನೋಡತಕ್ಕದ್ದು, ಅವು ಸ್ವಂತ ಯಂತ್ರಕ್ಕೆ ಬರಕೂಡದು; ಅದು ನಿಯಮ, ಯೋಗ್ಯವಾದ ನಿಯಮವೂ ಹೌದು. ಆದರೆ ಸಂಘದ ಲೆಕ್ಕಪತ್ರ, ಮನೆಯ ವ್ಯವಹಾರ, ಪತ್ರಲೇಖನ, ಇಂತಹ ಲೇಖನಗಳ ಕರಡು, ಇವುಗಳಿಗೆಲ್ಲ ಪ್ರಯಾಣದ ಹೊತ್ತೇ ನಮಗೆ ದೊರೆಯುವ ಬಿಡುವು. ಆದ್ದರಿಂದ ಸ್ವಂತದ ಲ್ಯಾಪ್‌ಟಾಪೊಂದು ಚೀಲದಲ್ಲಿ ಇರಲೇಬೇಕಾಯಿತು.

ಕೆಲವು ವರ್ಷಗಳ ಹಿಂದೆ ನನ್ನ ಬಲಭುಜದಲ್ಲಿ ನೋವು ಕಾಣಿಸಿಕೊಂಡು ಕುತ್ತಿಗೆಯವರೆಗೆ ಏರತೊಡಗಿದಾಗ, ಪರೀಕ್ಷಿಸಿದ ವೈದ್ಯರು ಮಾತ್ರೆಯನ್ನು ಬರೆಯುವುದಕ್ಕೆ ಮುಂಚೆ ಚೀಲವನ್ನು ಎತ್ತಿ ನೋಡಿದರು. ಮನೆಗೆ ಹೋಗಿ ಅದನ್ನು ತೂಗಿ ನೋಡಿರೆಂದೂ ಹೇಳಿದರು. ಅಡುಗೆಮನೆಯ ತಕ್ಕಡಿಯ ಮೇಲೆ ಒಂದೊಂದನ್ನಾಗಿ ಇಟ್ಟು ಬರೆದುಕೊಂಡ ಲೆಕ್ಕವು ಹೀಗಿತ್ತು: ಹದಿನೈದು ಅಂಗುಲದ ತೆರೆಯ ಲ್ಯಾಪ್‌ಟಾಪ್ 2.3 ಕಿಲೋ, ಅದರ ಚಾರ್ಜರು ಮತ್ತು ತಂತಿ 450 ಗ್ರಾಂ, ಬರಿದಾದ ಚೀಲವೇ 1.1 ಕಿಲೋ, ನೀರು ತುಂಬಿದ ಬಾಟಲಿ 1.1, ಊಟದ ಡಬ್ಬಿ 700 ಗ್ರಾಂ, ಕಾಗದಪತ್ರ, ಪುಸ್ತಕ, ಕೊಡೆ ಇತ್ಯಾದಿ 900 ಗ್ರಾಂ. ಒಟ್ಟು 6 ಕಿಲೋ 550 ಗ್ರಾಂ. ವಿಮಾನದಲ್ಲಿ ಜೊತೆಗೊಯ್ಯುವ ಚೀಲಕ್ಕೆ ನಮ್ಮ ದೇಶದಲ್ಲಿ ಸಾಮಾನ್ಯವಾಗಿರುವ ಮಿತಿ 7 ಕಿಲೋ. ಕೇಂದ್ರ ಸರಕಾರದ 2020ರ ಶಾಲಾಚೀಲ ನೀತಿಯು ಮಗುವಿನ ಚೀಲ ಅದರ ದೇಹತೂಕದ ಹತ್ತನೆಯ ಒಂದು ಭಾಗವನ್ನು ಮೀರಬಾರದೆಂದು ಹೇಳುತ್ತದೆ. ನನ್ನ ತೂಕ 64 ಕಿಲೋ. ನಾನು ಶಾಲಾ ಬಾಲಕನಾಗಿದ್ದರೆ ನನ್ನ ಚೀಲವು 150 ಗ್ರಾಮಿನಷ್ಟು ನಿಯಮಬಾಹಿರವಾಗಿರುತ್ತಿತ್ತು!

ನಲವತ್ತು ದಾಟಿದ ಗೃಹಸ್ಥನಿಗೆ ಶಾಲಾ ನೀತಿಯು ಅನ್ವಯಿಸುವುದಿಲ್ಲವೆಂಬುದು ನಿಜ. ಆದರೆ ಆ ಬಾಲಕನಿಗೆ ಹೌರಾ ನಿಲ್ದಾಣವೂ ಇಲ್ಲ. 2024ರ ಮಾರ್ಚಿನಲ್ಲಿ ಹೂಗ್ಲಿ ನದಿಯ ಅಡಿಯಿಂದ ಮೆಟ್ರೋ ಓಡಲಾರಂಭಿಸಿದ ಮೇಲೆ ಎಸ್‌ಪ್ಲನೇಡಿನಿಂದ ಹೌರಾಕ್ಕೆ ತಲಪುವುದು ನಿಮಿಷಗಳ ಮಾತಾಗಿದೆಯಾದರೂ, ನೆಲದಾಳದ ನಿಲ್ದಾಣದಿಂದ ಮೇಲೆ ಬಂದು, ಜನಪ್ರವಾಹದಲ್ಲಿ ನುಗ್ಗಿ, ರೈಲಿನ ಕೊನೆಯ ಬೋಗಿಯನ್ನು ಮುಟ್ಟುವವರೆಗೆ ಚೀಲವು ಹೆಗಲಿನ ಮೇಲೆಯೇ ಇರುತ್ತದೆ. ಅದೂ ಹೆಚ್ಚಾಗಿ ಒಂದೇ ಹೆಗಲಿನ ಮೇಲೆ. ಒಂದು ಬದಿಗೆ ಭಾರ ಬಿದ್ದಾಗ ಬೆನ್ನೆಲುಬು ಇನ್ನೊಂದು ಬದಿಗೆ ವಾಲುತ್ತದೆ, ಹೆಗಲಿನ ಪಟ್ಟಿ ಜಾರದಂತೆ ಭುಜವು ಮೇಲಕ್ಕೆ ಸೆಟೆದುಕೊಳ್ಳುತ್ತದೆ, ಕುತ್ತಿಗೆಯ ಸ್ನಾಯುಗಳು ಬಿಗಿದೇ ಇರುತ್ತವೆ. ಎರಡು ಪಟ್ಟಿಗಳ ಬೆನ್ನುಚೀಲವನ್ನು ಎರಡೂ ಹೆಗಲಿಗೆ ಏರಿಸಬೇಕೆಂಬುದು ಇಲ್ಲಿಯ ಮೊದಲ ಸೂಚನೆ, ಅದಕ್ಕೆ ಕಾಸು ಬೇಕಿಲ್ಲ. ಆದರೆ ತೋಳಿನಲ್ಲಿ ಜೋಮು, ಬೆರಳುಗಳಲ್ಲಿ ಶಕ್ತಿಹೀನತೆ, ರಾತ್ರಿ ನಿದ್ರೆಯಿಂದ ಎಬ್ಬಿಸುವ ನೋವು, ಇವು ಇದ್ದವರು ಚೀಲ ಬದಲಿಸುತ್ತ ಕಾಲ ಕಳೆಯದೆ ವೈದ್ಯರನ್ನು ಕಾಣತಕ್ಕದ್ದು.

ನೀರನ್ನು ಕಡಿಮೆ ಮಾಡಲಾಗದು, ಊಟವನ್ನು ಬಿಡಲಾಗದು. ಇಳಿಸಬಹುದಾದದ್ದು ಯಂತ್ರದ ತೂಕವೊಂದೇ.

ಗಣಕವನ್ನು ಹೊತ್ತು ತಿರುಗುವ ಹಂಬಲವು ಹೊಸದಲ್ಲ. 1981ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಆಸ್ಬೋರ್ನ್ ಎಂಬ ಯಂತ್ರವನ್ನು ‘ಒಯ್ಯಬಲ್ಲ ಗಣಕ’ವೆಂದು ಕರೆದರು, ಅದರ ತೂಕ ಸುಮಾರು 11 ಕಿಲೋ, ತೆರೆಯ ಅಳತೆ 5 ಅಂಗುಲ. ಹೊಲಿಗೆಯಂತ್ರವನ್ನು ಒಯ್ದಂತೆ ಅದನ್ನು ಒಯ್ಯಬೇಕಾಗುತ್ತಿತ್ತು. ಎರಡೇ ವರ್ಷಗಳ ನಂತರ, 1983ರಲ್ಲಿ, ಟಿಆರ್‌ಎಸ್-80 ಮಾಡೆಲ್ 100 ಎಂಬ ಯಂತ್ರ ಹೊರಬಂದಿತು. ತೂಕ ಒಂದೂವರೆ ಕಿಲೋಗಿಂತಲೂ ಕಡಿಮೆ. ಟಾರ್ಚಿಗೆ ಹಾಕುವಂತಹ ಸಣ್ಣ ಸೆಲ್ಲುಗಳು ನಾಲ್ಕಿದ್ದರೆ ಗಂಟೆಗಟ್ಟಲೆ ನಡೆಯುತ್ತಿತ್ತು. ಪತ್ರಿಕಾ ವರದಿಗಾರರು ಅದನ್ನು ಬಹಳ ಮೆಚ್ಚಿಕೊಂಡರು. ಎಂಟೇ ಸಾಲುಗಳು ಕಾಣುವ ತೆರೆಯಲ್ಲಿ ಅವರ ಕೆಲಸ ಸಾಗುತ್ತಿತ್ತೆಂಬುದನ್ನು ನೆನೆದರೆ, ಇಂದು ನಾವು ‘ಸಾಲದು’ ಎಂದು ಗೊಣಗುವ ಯಂತ್ರಗಳ ಬಗ್ಗೆ ಸ್ವಲ್ಪ ನಾಚಿಕೆಯಾಗಬೇಕು.

ನಮ್ಮ ಬೆಂಗಳೂರಿಗೂ ಈ ಚರಿತ್ರೆಯಲ್ಲಿ ಒಂದು ಪುಟವಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಎಂಬ ಸಂಸ್ಥೆಯವರು ಸೇರಿ ‘ಸಿಂಪ್ಯೂಟರ್’ ಎಂಬ ಅಂಗೈಗಣಕವನ್ನು ರೂಪಿಸಿದರು. ಅಕ್ಷರ ಬಾರದವರಿಗೂ ಚಿತ್ರ ಮತ್ತು ಧ್ವನಿಯ ಮೂಲಕ, ದೇಶಭಾಷೆಗಳಲ್ಲಿ, ಅಗ್ಗವಾಗಿ ಗಣಕವು ದೊರೆಯಬೇಕೆಂಬುದು ಅದರ ಉದ್ದೇಶ. 2004ರಲ್ಲಿ ಬಿ.ಇ.ಎಲ್. ಕಾರ್ಖಾನೆಯ ಸಹಯೋಗದಿಂದ ‘ಅಮಿಡಾ’ ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೂ ಬಂದಿತು. ಮಾರಾಟ ಮಾತ್ರ ನಿರೀಕ್ಷೆಯ ಹತ್ತಿರಕ್ಕೂ ಬರಲಿಲ್ಲ. ಮುಂದೆ 2007ರ ಅಕ್ಟೋಬರಿನಲ್ಲಿ ತೈವಾನಿನ ಏಸುಸ್ ಸಂಸ್ಥೆಯು 7 ಅಂಗುಲದ ತೆರೆಯ, ಕಿಲೋಗಿಂತಲೂ ಹಗುರವಾದ ಈ-ಪಿಸಿಯನ್ನು ಹೊರತಂದಾಗ ಲೋಕವೆಲ್ಲ ಅದರ ಹಿಂದೆ ಓಡಿತು. ‘ನೆಟ್‌ಬುಕ್’ ಎನಿಸಿಕೊಂಡ ಈ ವರ್ಗದ ಯಂತ್ರಗಳು ಐದಾರು ವರ್ಷ ಮೆರೆದು, 2013ರ ಹೊತ್ತಿಗೆ ಅಂಗಡಿಗಳಿಂದ ಮರೆಯಾದವು. ಕೀಲಿಗಳು ಬೆರಳಿಗೆ ಸಾಲದಷ್ಟು ಕಿರಿದು, ವೇಗವೂ ಮಂದ. ಚಿಕ್ಕದಾಗಿಸುವುದಕ್ಕೂ ಒಂದು ಮೇರೆಯಿದೆಯೆಂಬುದನ್ನು ಅವುಗಳ ಬಾಳ್ವೆ ತೋರಿಸಿತು.

ಕೈಬೆರಳುಗಳಿಗೆ ಪೂರ್ಣ ಪ್ರಮಾಣದ ಕೀಲಿಮಣೆ ಬೇಕು. ಅದಕ್ಕಿಂತ ಕಿರಿದಾಗದ ಯಂತ್ರವೆಂದರೆ ಹನ್ನೆರಡೂವರೆ ಅಂಗುಲದ ತೆರೆಯದು. ಸಾಕಷ್ಟು ವಿಚಾರಿಸಿದ ಮೇಲೆ ನಾನು ಆರಿಸಿಕೊಂಡದ್ದು ಲೆನೊವೊ ಸಂಸ್ಥೆಯ ಥಿಂಕ್‌ಪ್ಯಾಡ್ ಎಕ್ಸ್-270 ಎಂಬ 2017ರ ಮಾದರಿಯನ್ನು. 1992ರಲ್ಲಿ ಐ.ಬಿ.ಎಂ. ಆರಂಭಿಸಿದ ಈ ಕಪ್ಪು ಪೆಟ್ಟಿಗೆಗಳ ವಂಶವು 2005ರಲ್ಲಿ ಲೆನೊವೊ ಕೈಸೇರಿತು. ಈ ಮಾದರಿಯ ಗುಣವೇನೆಂದರೆ ಬಿಚ್ಚಿ ಬದಲಿಸಲು ಬರುವ ಭಾಗಗಳು ಇದರಲ್ಲಿ ಇನ್ನೂ ಇದ್ದವು: ಒಂದು ರ‍್ಯಾಮ್ ಪಟ್ಟಿ, ಸಂಗ್ರಹದ ಡಿಸ್ಕು, ಹಿಂಬದಿಯಿಂದ ಕಳಚಿ ಹಾಕಬಹುದಾದ ಬ್ಯಾಟರಿ. ಮರುವರ್ಷದ ಎಕ್ಸ್-280ರಲ್ಲಿ ರ‍್ಯಾಮನ್ನು ಮುಖ್ಯಫಲಕಕ್ಕೇ ಬೆಸುಗೆ ಹಾಕಿಬಿಟ್ಟರು, ಹೊರಗಿನ ಬ್ಯಾಟರಿಯೂ ಹೋಯಿತು. ಯಂತ್ರವು ಇನ್ನಷ್ಟು ಹಗುರವಾಯಿತು. ಕೊಂಡವನ ಕೈಗೆ ಮಾತ್ರ ಅದರಲ್ಲಿ ಮಾಡುವುದಕ್ಕೆ ಕೆಲಸ ಉಳಿಯಲಿಲ್ಲ. ಹೊಸ ಯಂತ್ರ ಕೊಳ್ಳುವವರು ಬೆಲೆಯನ್ನು ಕೇಳುವ ಮುನ್ನ ‘ರ‍್ಯಾಮ್ ಬದಲಿಸಬಹುದೇ, ಬ್ಯಾಟರಿ ಬದಲಿಸಬಹುದೇ’ ಎಂಬ ಎರಡು ಪ್ರಶ್ನೆಗಳನ್ನು ಕೇಳುವುದು ಒಳ್ಳೆಯದು.

ಇದನ್ನು ಕೊಂಡದ್ದು ನಮ್ಮ ಚಾಂದ್ನಿ ಚೌಕದಲ್ಲಿ. ಚಿತ್ತರಂಜನ್ ಅವೆನ್ಯೂ ಮತ್ತು ಮದನ್ ಸ್ಟ್ರೀಟುಗಳ ನಡುವಿನ ಆ ಇಕ್ಕಟ್ಟಿನಲ್ಲಿ, ಇ-ಮಾಲ್ ಎಂಬ ಹವಾನಿಯಂತ್ರಿತ ಕಟ್ಟಡವನ್ನು ಸುತ್ತಿಕೊಂಡು, ಗಣಕದ ಯಾವ ಭಾಗವನ್ನು ಕೇಳಿದರೂ ‘ಪಾಬೇನ್ ದಾದಾ’ ಎನ್ನುವ ಅಂಗಡಿಗಳ ಸಾಲುಗಳೇ ಇವೆ. ದೊಡ್ಡ ಕಂಪನಿಗಳು ಕೆಲವು ವರ್ಷ ದುಡಿಸಿಕೊಂಡು ವಿಲೇವಾರಿ ಮಾಡಿದ ಯಂತ್ರಗಳು ಇಲ್ಲಿಗೆ ಬರುತ್ತವೆ. ಲೆಕ್ಕಶಾಸ್ತ್ರವನ್ನು ಓದಿದವರಿಗೆ ಇದರ ಮರ್ಮವು ಸುಲಭವಾಗಿ ತಿಳಿಯುತ್ತದೆ. ಆದಾಯ ತೆರಿಗೆಯ ನಿಯಮದಂತೆ ಗಣಕಕ್ಕೆ ಸವಕಳಿ ವರ್ಷಕ್ಕೆ ಶೇಕಡ 40. ಎಪ್ಪತ್ತು ಸಾವಿರ ರೂಪಾಯಿಯ ಯಂತ್ರವು ಐದು ವರ್ಷಗಳಾದ ಮೇಲೆ ಕಂಪನಿಯ ಪುಸ್ತಕದಲ್ಲಿ 5,443 ರೂಪಾಯಿಗೆ ಇಳಿದಿರುತ್ತದೆ. ಯಂತ್ರಕ್ಕೆ ಈ ಲೆಕ್ಕ ಗೊತ್ತಿರುವುದಿಲ್ಲ. ಅದು ಇನ್ನೈದು ವರ್ಷ ದುಡಿಯಲು ಸಿದ್ಧವಾಗಿಯೇ ಇರುತ್ತದೆ.

ಹಳೆಯದನ್ನು ಕೊಳ್ಳುವವರು ಅಂಗಡಿಯಲ್ಲಿಯೇ ನಿಂತು ನೋಡಬೇಕಾದವು ಕೆಲವಿವೆ. ಆರಂಭದ ಸೆಟಪ್ ತೆರೆಯೊಳಗೆ ಹೋಗಿ ಹಳೆಯ ಮಾಲೀಕರ ಗುಪ್ತಪದವಿಲ್ಲವೆಂಬುದನ್ನು ದೃಢಪಡಿಸಿಕೊಳ್ಳಬೇಕು. ಆ ಬೀಗವಿದ್ದರೆ ಮುಂದೆ ಬಹಳ ಪೇಚಾಟ. ಅಡಿಯಲ್ಲಿ ಅಚ್ಚಾಗಿರುವ ಕ್ರಮಾಂಕವೂ ಒಳಗೆ ಕಾಣುವ ಕ್ರಮಾಂಕವೂ ಒಂದೇ ಆಗಿರಬೇಕು. ಪ್ರತಿಯೊಂದು ಕೀಲಿಯನ್ನೂ ಒತ್ತಿ ನೋಡಬೇಕು, ತೆರೆಯ ಕೀಲುಗಳು ಸಡಿಲವಾಗಿರಬಾರದು. ಕೊನೆಯದಾಗಿ, ಜಿ.ಎಸ್.ಟಿ. ಸಂಖ್ಯೆಯುಳ್ಳ ರಸೀದಿಯಿಲ್ಲದೆ ಹಣ ಕೊಡಬಾರದು. ಕದ್ದ ಮಾಲು ಯಾವುದೆಂದು ನಮಗೆ ಹೇಗೆ ತಿಳಿಯಬೇಕು? ಚೌಕಾಸಿಗೆ ‘ದಾದಾ, ಲಾಸ್ಟ್ ಕೊತೊ ಹೋಬೆ?’ ಎಂಬ ಅರ್ಧ ಬಂಗಾಳಿ ಅರ್ಧ ಇಂಗ್ಲಿಷಿನ ವಾಕ್ಯವೊಂದು ಸಾಕು. ನನಗೆ ಎರಡು ಬಾರಿ ಹೇಳಬೇಕಾಯಿತು.

ತೆರೆಯ ವಿಷಯದಲ್ಲಿ ಕನ್ನಡಿಗರು ವಿಶೇಷವಾಗಿ ಎಚ್ಚರವಿರಬೇಕೆಂದು ನನ್ನ ಅಭಿಪ್ರಾಯ. ಈ ಮಾದರಿಯು ಎರಡು ಬಗೆಯ ತೆರೆಗಳಲ್ಲಿ ಬಂದಿದೆ. ಒಂದರಲ್ಲಿ ಅಡ್ಡಲಾಗಿ 1366 ಚುಕ್ಕಿಗಳು, ಇನ್ನೊಂದರಲ್ಲಿ 1920. ಅಂದರೆ ಅಂಗುಲಕ್ಕೆ ಮೊದಲನೆಯದರಲ್ಲಿ 125, ಎರಡನೆಯದರಲ್ಲಿ 176. ಇಂಗ್ಲಿಷ್ ಓದುವವನಿಗೆ ಈ ಭೇದವು ದೊಡ್ಡದಲ್ಲ. ಆದರೆ ನಮ್ಮ ಒತ್ತಕ್ಷರಗಳು ಸಾಲಿನ ಅಡಿಯಲ್ಲಿ ಕಿರಿದಾಗಿ ಕುಳಿತುಕೊಳ್ಳುವಂಥವು. ಒರಟು ತೆರೆಯಲ್ಲಿ ‘ಕ್ಷ್ಮ’ದಂತಹ ಅಕ್ಷರವು ಶಾಯಿಯ ಕಲೆಯಾಗಿ ಬಿಡುತ್ತದೆ. ಕಣ್ಣು ಕಿರಿದು ಮಾಡಿ, ತಲೆ ಮುಂದೆ ಚಾಚಿ ಓದುವ ಅಭ್ಯಾಸ ಬೆಳೆಯುವುದು ಹೀಗೆಯೇ.

2023ರಲ್ಲಿ ನಾನು ಮಾಡಿದ ವೆಚ್ಚವನ್ನು ಒಪ್ಪಿಸಿಬಿಡುತ್ತೇನೆ: ಯಂತ್ರಕ್ಕೆ 14,500, 512 ಜಿ.ಬಿ.ಯ ಎಸ್‌ಎಸ್‌ಡಿಗೆ 2,800, 16 ಜಿ.ಬಿ.ಯ ರ‍್ಯಾಮಿಗೆ 2,600. ಹೊರಗಿನ ಬ್ಯಾಟರಿಗೆ 2,900. 65 ವ್ಯಾಟಿನ ಸಣ್ಣ ಟೈಪ್-ಸಿ ಚಾರ್ಜರಿಗೆ 1,600. ಒಟ್ಟು 24,400 ರೂಪಾಯಿ. ರ‍್ಯಾಮಿನ ಬೆಲೆಯು 2025ರ ಕೊನೆಯಿಂದ ಏರಿದೆಯಾದ್ದರಿಂದ ಇಂದು ಕೊಳ್ಳುವವರು ಆ ಬಾಬನ್ನು ಹೊಸದಾಗಿ ವಿಚಾರಿಸಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯಿಲ್ಲ. ಆದುದರಿಂದ ರೈಲಿನ ಕುಲುಕಾಟಕ್ಕೆ ಅದು ಅಂಜುವುದಿಲ್ಲ. ಹಳೆಯ ಯಂತ್ರದ ಜಡತ್ವವೆಂದು ನಾವು ತಿಳಿಯುವುದು ಬಹುಮಟ್ಟಿಗೆ ಹಳೆಯ ಡಿಸ್ಕಿನ ಜಡತ್ವ. ಈ ಬದಲಾವಣೆಗಳನ್ನು ಮನೆಯ ಮೇಜಿನ ಮೇಲೆಯೇ ಮಾಡಬಹುದು. ಸೆಟಪ್ ತೆರೆಯಲ್ಲಿ ಒಳಬ್ಯಾಟರಿಯನ್ನು ನಿಷ್ಕ್ರಿಯಗೊಳಿಸಿ, ಹೊರಗಿನದನ್ನು ಕಳಚಿ, ಅಡಿಯ ತಿರುಪುಗಳನ್ನು ಸಡಿಲಿಸಿದರೆ ಮುಚ್ಚಳವು ಬಿಡಿಸಿಕೊಳ್ಳುತ್ತದೆ. ಸಾವಧಾನವಾಗಿ ಮಾಡಿದರೆ ಒಂದು ಗಂಟೆಯ ಕೆಲಸ.

ಟೈಪ್-ಸಿ ಚಾರ್ಜರಿನ ಲಾಭವನ್ನು ಪ್ರತ್ಯೇಕವಾಗಿ ಹೇಳಬೇಕು. ತಂತಿಯೂ ಸೇರಿ 200 ಗ್ರಾಂ ತೂಗುವ ಅದೊಂದೇ ಲ್ಯಾಪ್‌ಟಾಪಿಗೂ ಫೋನಿಗೂ ಆಗುತ್ತದೆ. ಚಿಕ್ಕ ಬ್ಯಾಟರಿಯೊಡನೆ ಯಂತ್ರವು 1.35 ಕಿಲೋ. ಯಂತ್ರ ಕಿರಿದಾದ್ದರಿಂದ ಚೀಲವೂ ಕಿರಿದಾಗಿ 600 ಗ್ರಾಮಿಗೆ ಇಳಿಯಿತು. ಕಾಗದಪತ್ರಗಳಲ್ಲಿ ಕೆಲವು ಯಂತ್ರದೊಳಗೆ ಸೇರಿ 500 ಗ್ರಾಮಿನಷ್ಟು ಉಳಿದವು. ನೀರು ಮತ್ತು ಊಟವನ್ನು ಕೂಡಿಸಿ ಈಗ 4 ಕಿಲೋ 450 ಗ್ರಾಂ. ಉಳಿತಾಯ 2 ಕಿಲೋ 100 ಗ್ರಾಂ.

ಯಂತ್ರದೊಳಗಿನ ವ್ಯವಸ್ಥೆಯನ್ನು ಕುರಿತು ಎರಡು ಮಾತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11 ಇಂಟೆಲ್‌ನ ಎಂಟನೆಯ ತಲೆಮಾರಿಗಿಂತ ಹಳೆಯ ಸಂಸ್ಕಾರಕಗಳನ್ನು ಅಧಿಕೃತವಾಗಿ ಒಪ್ಪುವುದಿಲ್ಲ. 2017ರ ನಮ್ಮ ಯಂತ್ರ ಆ ಗೆರೆಯ ಹೊರಗೆ ಉಳಿಯುತ್ತದೆ. ಚಾಂದ್ನಿಯಲ್ಲಿ ಇಂತಹ ಯಂತ್ರಗಳು ಅಗ್ಗವಾಗಿರುವುದಕ್ಕೆ ಇದೂ ಒಂದು ಕಾರಣ. ನಾನು ಆರಂಭದಿಂದಲೇ ಲಿನಕ್ಸ್ ಮಿಂಟ್ ಎಂಬ ಉಚಿತ ವ್ಯವಸ್ಥೆಯನ್ನು ಹಾಕಿಕೊಂಡೆ. ಬರವಣಿಗೆಗೂ ಲೆಕ್ಕದ ಹಾಳೆಗೂ ಲಿಬ್ರೆ ಆಫೀಸ್ ಸಾಕು. ಸ್ಥಾಪಿಸುವಾಗಲೇ ಡಿಸ್ಕನ್ನು ಪೂರ್ತಿಯಾಗಿ ಗೂಢಲಿಪಿಗೆ ಒಳಪಡಿಸುವ ಆಯ್ಕೆಯನ್ನು ಗುರುತಿಸಬೇಕು. ಚೀಲ ಕಳುವಾದರೆ 24,400 ರೂಪಾಯಿ ಹೋಗಬಹುದು, ಮನೆಯ ಗುಟ್ಟು ಹೋಗಬಾರದು.

ಪ್ರಯಾಣದಲ್ಲಿ ವಿದ್ಯುತ್ತಿನದೇ ಒಂದು ಚಿಂತೆ. ಈ ಯಂತ್ರದೊಳಗೆ ಒಂದು ಚಿಕ್ಕ ಬ್ಯಾಟರಿಯೂ ಹಿಂಬದಿಗೆ ಇನ್ನೊಂದೂ ಇರುವುದರಿಂದ, ಹಿಂಬದಿಯದು ಬರಿದಾದಾಗ ಯಂತ್ರವನ್ನು ನಿಲ್ಲಿಸದೆಯೇ ಬೇರೊಂದನ್ನು ತೊಡಿಸಬಹುದು. ದೊಡ್ಡ ಬ್ಯಾಟರಿಯು 72 ವ್ಯಾಟ್-ಗಂಟೆಯದು, ಸುಮಾರು 200 ಗ್ರಾಂ ಹೆಚ್ಚು ಭಾರ. ಊರಿಗೆ ಹೋಗುವಾಗ ಮಾತ್ರ ಅದನ್ನು ಹೊರತೆಗೆಯುತ್ತೇನೆ. ರೈಲಿನ ಬೋಗಿಯಲ್ಲಿ ಚಾರ್ಜಿಂಗ್ ಬಿಂದುವಿದೆಯೆಂದು ಪೂರ್ತಿಯಾಗಿ ನಂಬುವಂತಿಲ್ಲ. ಬೆಂಕಿಯ ಅಪಾಯವನ್ನು ತಡೆಯಲು 2021ರ ಮಾರ್ಚಿನಲ್ಲಿ ಪಶ್ಚಿಮ ರೈಲ್ವೆಯು ರಾತ್ರಿ 11ರಿಂದ ಬೆಳಗಿನ 5ರವರೆಗೆ ಅವುಗಳನ್ನು ಸ್ಥಗಿತಗೊಳಿಸಲಾರಂಭಿಸಿದ್ದು ಅನೇಕರಿಗೆ ನೆನಪಿರಬಹುದು. ವಿಮಾನದ ನಿಯಮವು ಇನ್ನೂ ಸ್ಪಷ್ಟ: ಬಿಡಿ ಬ್ಯಾಟರಿಯನ್ನೂ ಪವರ್ ಬ್ಯಾಂಕನ್ನೂ ಜೊತೆಯ ಚೀಲದಲ್ಲಿಯೇ ಇಟ್ಟುಕೊಳ್ಳಬೇಕು, ಸರಕಿನಲ್ಲಿ ಕಳುಹಿಸಕೂಡದು, ಒಂದೊಂದೂ 100 ವ್ಯಾಟ್-ಗಂಟೆಯನ್ನು ಮೀರಿದರೆ ವಿಮಾನ ಸಂಸ್ಥೆಯ ಅನುಮತಿ ಬೇಕು. 20,000 ಎಂ.ಎ.ಎಚ್. ಎಂದು ಬರೆದಿರುವ ಪವರ್ ಬ್ಯಾಂಕು 3.7 ವೋಲ್ಟಿನ ಲೆಕ್ಕದಲ್ಲಿ 74 ವ್ಯಾಟ್-ಗಂಟೆಯಾಗುತ್ತದೆ, ಚಿಂತೆಯಿಲ್ಲ. ಮನೆಯಲ್ಲಿ ಯಂತ್ರವನ್ನು ಸದಾ ತಂತಿಗೆ ಕಟ್ಟಿ 100ರಲ್ಲಿ ಇಡುವುದರಿಂದ, ಅದರಲ್ಲಿಯೂ ನಮ್ಮ ಚೈತ್ರ-ವೈಶಾಖದ ಸೆಕೆಯಲ್ಲಿ, ಬ್ಯಾಟರಿಯ ಆಯುಸ್ಸು ಕುಗ್ಗುತ್ತದೆ. 80ಕ್ಕೆ ನಿಲ್ಲುವಂತೆ ಮಿತಿಯನ್ನು ಗೊತ್ತುಪಡಿಸುವ ಅನುಕೂಲ ಈ ಯಂತ್ರಗಳಲ್ಲಿದೆ. ಉಬ್ಬಿಕೊಂಡ ಬ್ಯಾಟರಿಯನ್ನು ಒಂದು ದಿನವೂ ಬಳಸದೆ, ಕಸದ ಬುಟ್ಟಿಗೂ ಹಾಕದೆ, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಬೇಕು.

ಹೆಗಲಿನಿಂದ ಭಾರ ಇಳಿಯಿತೆಂದು ಸಂತೋಷಪಡುವಷ್ಟರಲ್ಲಿ ಇನ್ನೊಂದು ಖಾತೆಯಲ್ಲಿ ಅದು ಖರ್ಚಾಗಿ ಕಾಣಿಸಿಕೊಳ್ಳುತ್ತದೆ. ಇದನ್ನು ಮಾರುವವರು ಹೇಳುವುದಿಲ್ಲವಾದ್ದರಿಂದ ಸ್ವಲ್ಪ ವಿಸ್ತರಿಸುತ್ತೇನೆ. ಯಂತ್ರ ಚಿಕ್ಕದಾದಷ್ಟೂ ಅದರ ತೆರೆ ಮೇಜಿಗೆ ಹತ್ತಿರವಾಗುತ್ತದೆ, ನೋಡುವವನ ತಲೆ ಕೆಳಗೆ ಬಾಗುತ್ತದೆ. ತೆರೆಯನ್ನು ಎತ್ತರಿಸಿದರೆ ಕೀಲಿಮಣೆಯೂ ಜೊತೆಗೇ ಏರುತ್ತದೆ. ಎರಡೂ ಒಂದಕ್ಕೊಂದು ಅಂಟಿಕೊಂಡಿರುವುದೇ ಲ್ಯಾಪ್‌ಟಾಪಿನ ಹುಟ್ಟುದೋಷ. ಮನುಷ್ಯನ ತಲೆಯ ತೂಕ ಸುಮಾರು 5 ಕಿಲೋ. ಕೆನೆತ್ ಹನ್ಸ್‌ರಾಜ್ ಎಂಬ ಅಮೆರಿಕದ ಶಸ್ತ್ರವೈದ್ಯರು 2014ರಲ್ಲಿ ಪ್ರಕಟಿಸಿದ ಲೆಕ್ಕದಂತೆ ತಲೆಯು 15 ಅಂಶ ಬಾಗಿದಾಗ ಕುತ್ತಿಗೆಯ ಮೇಲೆ ಬೀಳುವ ಒತ್ತಡ 12 ಕಿಲೋ, 60 ಅಂಶ ಬಾಗಿದರೆ 27 ಕಿಲೋ. ಅದು ಜೀವಂತ ದೇಹದ ಮೇಲೆ ಅಳೆದದ್ದಲ್ಲ, ಗಣಿತದ ಮಾದರಿಯಿಂದ ಪಡೆದದ್ದು. ಅಂಕಿಗಳನ್ನು ಅಕ್ಷರಶಃ ಹಿಡಿಯಬೇಕಿಲ್ಲ. ದಿಕ್ಕನ್ನು ಮಾತ್ರ ಅನುಮಾನಿಸುವಂತಿಲ್ಲ. ಹೆಗಲಿನಿಂದ ಎರಡು ಕಿಲೋ ಇಳಿಸಿ ಕುತ್ತಿಗೆಗೆ ಹತ್ತು ಕಿಲೋ ಏರಿಸುವುದು ಯಾವ ಲೆಕ್ಕಿಗನೂ ಒಪ್ಪತಕ್ಕ ವ್ಯವಹಾರವಲ್ಲ.

ಆದುದರಿಂದ ಉಳಿದ 2,100 ಗ್ರಾಮಿನಲ್ಲಿ 450 ಗ್ರಾಮನ್ನು ನಾನು ಮರಳಿ ಹೂಡಿದ್ದೇನೆ: ಮಡಚುವ ಒಂದು ಆಸರೆ, ತಂತಿಯಿಲ್ಲದ ಒಂದು ತೆಳು ಕೀಲಿಮಣೆ. ಹೊಟೆಲಿನ ಕೋಣೆಯಲ್ಲಿ ಅರ್ಧ ಗಂಟೆಗೆ ಮೀರಿದ ಕೆಲಸವಿದ್ದಾಗ ಯಂತ್ರವನ್ನು ಆಸರೆಯ ಮೇಲೇರಿಸಿ, ಬೇರೆ ಕೀಲಿಮಣೆಯನ್ನು ಮೊಣಕೈ ನೇರಕ್ಕೆ ಇಟ್ಟುಕೊಂಡು ಬರೆಯುತ್ತೇನೆ. ಚೀಲವು ಈಗ 4 ಕಿಲೋ 900 ಗ್ರಾಂ. ಇದರಲ್ಲಿ ಕನ್ನಡಕದವರಿಗೆ ಒಂದು ತಿದ್ದುಪಡಿಯಿದೆ. ನಲವತ್ತರ ಸುಮಾರಿಗೆ ಬರುವ ದೃಷ್ಟಿದೋಷವನ್ನು ನಾವು ಚಾಳೀಸು ಎನ್ನುತ್ತೇವೆ, ನಮ್ಮ ನೆರೆಯ ಬಂಗಾಳಿಗಳು ಚಾಲ್ಶೆ ಎನ್ನುತ್ತಾರೆ. ಹೆಸರಿನಲ್ಲಿಯೂ ವಯಸ್ಸಿನಲ್ಲಿಯೂ ಭೇದವಿಲ್ಲ. ಎರಡು ಭಾಗದ ಗಾಜನ್ನು ಧರಿಸುವವರು ಕೆಳಭಾಗದಿಂದ ಓದಬೇಕಾದ್ದರಿಂದ, ತೆರೆಯು ಕಣ್ಣಿನ ಮಟ್ಟಕ್ಕೆ ಬಂದರೆ ಗಲ್ಲವನ್ನು ಮೇಲೆತ್ತಿ ಕುತ್ತಿಗೆಯನ್ನು ಹಿಂದಕ್ಕೆ ಮಡಿಸುತ್ತಾರೆ. ಅಂತಹವರು ತೆರೆಯನ್ನು ತುಸು ತಗ್ಗಿಸಿಕೊಳ್ಳಬೇಕು, ಇಲ್ಲವೇ ತೋಳಳತೆಯ ದೂರಕ್ಕೆಂದೇ ಬೇರೊಂದು ಕನ್ನಡಕವನ್ನು ಬರೆಸಿಕೊಳ್ಳಬೇಕು. ತೆರೆಯನ್ನು ನೋಡುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿಯಾಚೆಗೆ ಇಪ್ಪತ್ತು ಸೆಕೆಂಡು ನೋಡಬೇಕೆಂದು ನೇತ್ರವೈದ್ಯರು ಹೇಳುವುದನ್ನು ರೈಲಿನ ಕಿಟಕಿಯ ಬಳಿ ಕುಳಿತವರಂತೆ ಸುಖವಾಗಿ ಪಾಲಿಸಬಲ್ಲವರು ಬೇರಿಲ್ಲ.

ಇನ್ನು ತೊಡೆಯ ವಿಚಾರ. ಹೆಸರಿಗೆ ಲ್ಯಾಪ್‌ಟಾಪಾದರೂ ಅದನ್ನು ತೊಡೆಯ ಮೇಲೆ ಬಹುಹೊತ್ತು ಇಟ್ಟುಕೊಳ್ಳುವುದು ಹಿತವಲ್ಲ. ಕಾಶ್ಮೀರದಲ್ಲಿ ಚಳಿಗಾಲದಲ್ಲಿ ನಿಲುವಂಗಿಯೊಳಗೆ ಕಾಂಗ್ಡಿಯೆಂಬ ಕೆಂಡದ ಕುಡಿಕೆಯನ್ನು ಇಟ್ಟುಕೊಳ್ಳುವವರ ಚರ್ಮದ ಮೇಲೆ ಬಲೆಬಲೆಯಾಗಿ ಕಂದುಗೆರೆಗಳು ಮೂಡುವುದನ್ನು ವೈದ್ಯರು ಬಹುಕಾಲದಿಂದ ಬಲ್ಲರು. ಅಂತಹುದೇ ಗುರುತು ದಿನವೂ ಗಂಟೆಗಟ್ಟಲೆ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟು ಆಡುತ್ತಿದ್ದ ಹನ್ನೆರಡು ವರ್ಷದ ಹುಡುಗನೊಬ್ಬನಲ್ಲಿ ಕಂಡುಬಂದುದನ್ನು ಸ್ವಿಟ್ಜರ್ಲೆಂಡಿನ ವೈದ್ಯರು 2010ರಲ್ಲಿ ವರದಿಮಾಡಿದರು. ಮುಂದೆ ಮಕ್ಕಳನ್ನು ಬಯಸುವ ಯುವಕರಿಗೂ ತೊಡೆಗಳ ನಡುವಣ ಶಾಖವು ಒಳ್ಳೆಯದಲ್ಲ. ಆಸನದ ಮುಂದೆ ಮೇಜಿಲ್ಲದ ಬೋಗಿಯಲ್ಲಿ ಚೀಲವನ್ನೇ ತೊಡೆಯ ಮೇಲಿಟ್ಟು, ಗಾಳಿ ಹೊರಡುವ ಕಿಂಡಿಯನ್ನು ಮುಚ್ಚದಂತೆ, ಅದರ ಮೇಲೆ ಯಂತ್ರವನ್ನು ಇಡಬಹುದು.

ಯಂತ್ರವನ್ನು ನಮ್ಮದಾಗಿಸಿಕೊಳ್ಳುವ ಕೆಲಸದಲ್ಲಿ ಕಡೆಯದೂ, ನನ್ನ ಮಟ್ಟಿಗೆ ಮುಖ್ಯವೂ ಆದದ್ದು ಕನ್ನಡ. ಹಿಂದೆ ಸಂಚಿಕೆಗೆ ಲೇಖನ ಕಳುಹಿಸುವವರು ನುಡಿಯಲ್ಲಿಯೋ ಬರಹದಲ್ಲಿಯೋ ಬೆರಳಚ್ಚು ಮಾಡಿದರೆ, ಆ ತಂತ್ರಾಂಶವಿಲ್ಲದ ಯಂತ್ರದಲ್ಲಿ ಅದು ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳಾಗಿ ಕಾಣಿಸುತ್ತಿತ್ತು. ಯೂನಿಕೋಡ್ ಬಂದ ಮೇಲೆ ಆ ತಾಪತ್ರಯ ಕಳೆಯಿತು. ಕೆ. ಪಿ. ರಾವ್ ಅವರು ಧ್ವನಿಯನ್ನನುಸರಿಸಿ ರೂಪಿಸಿದ, ಕನ್ನಡ ಗಣಕ ಪರಿಷತ್ತು ಪ್ರಚುರಪಡಿಸಿದ ಕೀಲಿಮಣೆ ವಿನ್ಯಾಸವು ಲಿನಕ್ಸಿನಲ್ಲಿ ಸಿದ್ಧವಾಗಿಯೇ ದೊರೆಯುತ್ತದೆ. ಅದರ ಹೆಸರು ಪಟ್ಟಿಯಲ್ಲಿ ‘ಕಗಪ’ ಎಂದಿದೆ, ಪರಿಷತ್ತಿನ ಮೊದಲಕ್ಷರಗಳು. ಕೌತುಕವೆಂದರೆ ಹಿಂದಿ, ಮರಾಠಿ, ತೆಲುಗು, ಸಂಸ್ಕೃತಗಳಿಗೂ ಅದೇ ‘ಕಗಪ’ದ ಹೆಸರಿನ ವಿನ್ಯಾಸಗಳು ಆ ಪಟ್ಟಿಯಲ್ಲಿವೆ. ಅಕ್ಷರರೂಪಗಳಲ್ಲಿ ಗುಬ್ಬಿ, ನವಿಲು ಎಂಬ ಎರಡನ್ನು ಉಚಿತವಾಗಿ ಹಾಕಿಕೊಳ್ಳಬಹುದು. ವಿಂಡೋಸಿನವರಿಗೂ 2019ರಿಂದ ಕನ್ನಡದ ಧ್ವನಿಮೂಲ ಕೀಲಿಮಣೆಯು ಯಂತ್ರದೊಡನೆಯೇ ಬರುತ್ತಿದೆ.

ಇಂಗ್ಲಿಷ್ ಕೀಲಿಮಣೆಯ ಅಭ್ಯಾಸವಿರುವ ನಮ್ಮಂತಹವರಿಗೆ ಕಗಪ ಸುಲಭ. ಆದರೆ ಕೋಲ್ಕತಾದಲ್ಲಿ ಹುಟ್ಟಿ ಬೆಳೆಯುವ ಮಕ್ಕಳಿಗೆ ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ವಿನ್ಯಾಸವೇ ಮೇಲೆಂದು ನಾನು ಭಾವಿಸುತ್ತೇನೆ. 1980ರ ದಶಕದಲ್ಲಿ ಕೇಂದ್ರ ಸರಕಾರದ ಇಲೆಕ್ಟ್ರಾನಿಕ್ಸ್ ಇಲಾಖೆಯು ಎಲ್ಲ ಭಾರತೀಯ ಲಿಪಿಗಳಿಗೂ ಒಂದೇ ಕ್ರಮವಿರಲೆಂದು ಅದನ್ನು ಗೊತ್ತುಪಡಿಸಿತು. ಬಂಗಾಳಿಯ ‘ಕ’ ಇರುವ ಕೀಲಿಯಲ್ಲಿಯೇ ಕನ್ನಡದ ‘ಕ’ ಇದೆ. ‘ಗ’, ‘ತ’, ‘ಪ’, ‘ರ’ಗಳೂ ಹಾಗೆಯೇ. ನನ್ನ ಮಗಳು ಇಲ್ಲಿಯ ಶಾಲೆಯಲ್ಲಿ ಬಂಗಾಳಿ ಓದಿದವಳು, ಅದರ ಬೆರಳಚ್ಚನ್ನೂ ಕಲಿತಿದ್ದಳು. ಕಿರುಗಣಕದಲ್ಲಿ ಭಾಷೆಯ ಗುಂಡಿಯೊಂದನ್ನು ಬದಲಿಸಿಕೊಟ್ಟಾಗ ಅವಳ ಬೆರಳುಗಳಿಗೆ ಹೊಸದಾಗಿ ಕಲಿಯಬೇಕಾದದ್ದು ಕೆಲವೇ ಅಕ್ಷರಗಳು. ಹ್ರಸ್ವವಾದ ಎಕಾರ ಒಕಾರಗಳನ್ನು ಬೇಗನೆ ಗುರುತಿಸಿದಳು. ಧಾರವಾಡದ ಅಜ್ಜಿಗೆ ಅವಳು ಬರೆದ ಮೊದಲ ಕನ್ನಡ ಪತ್ರವನ್ನು ಅಚ್ಚುಹಾಕಿಸಿ ಅಂಚೆಗೆ ಹಾಕಿದೆವು. ಶ್ರಾವಣದಲ್ಲಿ ಇಲ್ಲಿ ದಿನವೂ ‘ಮಲೆ’, ಬೀದಿಯೆಲ್ಲ ‘ಮಲೆ’ ಎಂದು ಬರೆದಿದ್ದಳು. ಕಲ್ಕತ್ತೆಯಲ್ಲಿ ಮಲೆ ಎಲ್ಲಿಂದ ಬಂತು, ಬರೀ ಬಯಲು ಎಂದು ನಿಮ್ಮಪ್ಪ ಹೇಳುತ್ತಿದ್ದನಲ್ಲ ಎಂದು ಅಜ್ಜಿ ಫೋನಿನಲ್ಲಿ ಕೇಳಿದರು. ಬಂಗಾಳಿಯ ಕೀಲಿಮಣೆಯಲ್ಲಿ ‘ಳ’ ಇಲ್ಲ; ಶಿಫ್ಟನ್ನು ಹಿಡಿದು ‘ಲ’ ಇರುವ ಕೀಲಿಯನ್ನೇ ಒತ್ತಬೇಕೆಂದು ಅಂದು ಸಂಜೆ ತೋರಿಸಿಕೊಟ್ಟೆನು.